ಕುರ್ಚಿಯಪ್ಪನಿಗೆ ಬರಬೇಕಿದ್ದ ಕಾರ್ಡು

ಕುರ್ಚಿಯಪ್ಪ ಅಂತ ಅವನಿಗೆ ಅಪ್ಪ ಅಮ್ಮ ಹೆಸರಿಟ್ಟಿರಲಿಲ್ಲ. ಮದುವೆಗೆ, ಮೀಟಿಂಗಿಗೆ, ಯಾರಾದ್ರೂ ತೀರಿಕೊಂಡ್ರೆ ಆ ಮನೆ ಅಂಗಳಕ್ಕೆ, ನಲವತ್ತು ವರ್ಷ ಕುರ್ಚಿ ಬಾಡಿಗೆಗೆ ಕೊಟ್ಟೂ ಕೊಟ್ಟೂ ಹೆಸರು ತಾನಾಗೇ ಬಂದು ಅಂಟಿಕೊಂಡಿತು. ನನ್ನದೂ ಅದೇ ಪಾಡು. ಬಸ್ಸಿನ ಕೆಲಸ ಬಿಟ್ಟು ಹದಿನೆಂಟು ವರ್ಷ ಆದ್ರೂ ಅವನ ಬಾಯಲ್ಲಿ ನಾನು ಇನ್ನೂ ಕಂಡಕ್ಟ್ರೇ. ಮುಂದಿನ ಬೀದೀಲಿ ನಮ್ಮನೆ, ಹಿಂದಿನ ಬೀದೀಲಿ ಅವನ ಶೆಡ್ಡು. ದಿನಾ ನಾಲ್ಕು ಗಂಟೆಗೆ ನಾನು ಅಲ್ಲಿ ಹೋಗಿ ಚಹಾ ಕುಡಿಯದೇ ಇದ್ರೆ ಇಬ್ಬರಿಗೂ ತಲೆನೋವು.

ಆ ಶೆಡ್ಡು ನೀವು ನೋಡಬೇಕು. ಮುಂಚೆ ಯಾರದೋ ಲಾರಿ ನಿಲ್ತಿದ್ದ ಜಾಗ, ಮೂಲೇಲಿ ಈಗಲೂ ಡೀಸೆಲ್ ವಾಸನೆ. ನೆಲದಿಂದ ಸೂರಿನ ತನಕ ಮಡಚೋ ಕಬ್ಬಿಣದ ಕುರ್ಚಿ, ಒಂದರ ಬೆನ್ನಿಗೆ ಒಂದು, ಪೊಟ್ಟಣದಲ್ಲಿ ಬಿಸ್ಕತ್ತು ಜೋಡಿಸಿದ ಹಾಗೆ. ಎಲ್ಲಾ ಕಡೆ ಪ್ಲಾಸ್ಟಿಕ್ ಬಂದ್ರೂ ಇವನು ಕಬ್ಬಿಣ ಬಿಡಲಿಲ್ಲ. "ಪ್ಲಾಸ್ಟಿಕ್ಕು ಬೆನ್ನಿಗೆ ಜವಾಬು ಕೊಡಲ್ಲ ಕಣೋ" ಅಂತಾನೆ. ಪ್ರತಿ ಕುರ್ಚಿ ಅಡೀಲಿ ಬಿಳಿ ಬಣ್ಣದಲ್ಲಿ ಒಂದು ನಂಬರು. ಯಾವ ನಂಬರಿಗೆ ಮೊಣಕಾಲು ನೋವು, ಯಾವುದು ಕಿರಗುಟ್ಟುತ್ತೆ, ಯಾವುದು ದಪ್ಪನವರನ್ನ ಕಂಡ್ರೆ ಮುನಿಸಿಕೊಳ್ಳುತ್ತೆ, ಎಲ್ಲಾ ಅವನಿಗೆ ಬಾಯಿಪಾಠ. ಅಂಗಿ ಜೇಬಲ್ಲಿ ಪುಟ್ಟ ಎಣ್ಣೆ ಡಬ್ಬಿ, ಪ್ಯಾಂಟ್ ಜೇಬಲ್ಲಿ ಕುರ್ಚಿ ಕಾಲಿಗೆ ಹಾಕೋ ರಬ್ಬರ್ ಟೋಪಿ. ತಾನು ಮಾತ್ರ ಕೂರೋದು ಬೋರಲು ಹಾಕಿದ ಬಕೆಟ್ ಮೇಲೆ. ಯಾಕೋ ಅಂದ್ರೆ, "ಕುರ್ಚಿ ಬಂದವರಿಗೆ, ಬಕೆಟ್ಟು ಮನೆಯವರಿಗೆ" ಅಂತಾನೆ.

ಒಂದು ಸಲ ಬಯಲಲ್ಲಿ ಮದುವೆ. ಎಂಥಾ ಗಾಳಿ ಬೀಸಿತು ಅಂತೀರಿ, ಮುನ್ನೂರು ಕುರ್ಚೀನೂ ಹಾರಿಹೋದವು, ಹಕ್ಕಿ ಗುಂಪಿನ ಹಾಗೆ, ರೆಕ್ಕೆ ಮಡಚಿ ಬಿಚ್ಚಿ ಮಡಚಿ ಬಿಚ್ಚಿ. ಮದುಮಗಳ ಸೋದರಮಾವ ಒಬ್ಬರು ಕೂತವರು ಕೂತ ಹಾಗೇ ಹೋದರು. ಎರಡು ಊರಾಚೆ ಇಳಿದು, ಅಲ್ಲೇ ಒಂದು ಮದುವೆ ಮಾಡಿಕೊಂಡು, ಅಲ್ಲೇ ಉಳಿದರು. ಕುರ್ಚಿಯಪ್ಪ ಸೈಕಲ್ ಹತ್ತಿ ಮೂರು ದಿನ ಹುಡುಕಿದ. ಮುನ್ನೂರು ಹೋಗಿದ್ದವು, ಮುನ್ನೂರ ಒಂದು ವಾಪಸ್ ಬಂದವು. ಆ ಹೆಚ್ಚಿನ ಒಂದು ಯಾವುದೋ ಪೊಲೀಸ್ ಠಾಣೇದಂತೆ. ಅದರ ಮೇಲೆ ಕೂತವರೆಲ್ಲಾ ಯಾರೂ ಕೇಳದೇನೇ ತಪ್ಪು ಒಪ್ಪಿಕೊಂಡು ಏಳ್ತಿದ್ದರಂತೆ. ಈ ಕಥೆ ಹೇಳಿದಾಗೆಲ್ಲಾ ನನ್ನ ಹೆಂಡತಿ, "ಆ ಕುರ್ಚೀನ ನಮ್ಮನೆಗೆ ತರಬೇಕಿತ್ತು" ಅಂತಾಳೆ.

ಆದ್ರೆ ಈಗ ಹೇಳೋದು ಸುಳ್ಳಲ್ಲ. ಮದುವೆ ಮುಗಿದು ಜನ ಹೋದ ಮೇಲೆ ಕುರ್ಚಿಗಳು ಹೇಗೆ ನಿಂತಿವೆ ಅಂತ ನೋಡಿ, ಆ ಮದುವೆ ಹೇಗಾಯ್ತು ಅಂತ ಅವನು ಹೇಳಬಲ್ಲ. ಸಾಲು ಕೆಟ್ಟು, ಐದಾರು ಕುರ್ಚಿ ಮುಖಕ್ಕೆ ಮುಖ ಕೊಟ್ಟು ಗುಂಪುಗುಂಪಾಗಿ ನಿಂತಿದ್ರೆ ನೆಂಟರು ಬಾಯ್ತುಂಬಾ ಮಾತಾಡಿದಾರೆ ಅಂತ. ಇಟ್ಟ ಸಾಲು ಇಟ್ಟ ಹಾಗೇ ಇದ್ರೆ, ಪಾಪ, ಊಟಕ್ಕೆ ಬಂದು ಊಟ ಮಾಡಿ ಹೋಗಿದಾರೆ ಅಷ್ಟೇ. ಒಂದು ಕುರ್ಚಿ ಮಾತ್ರ ಗೋಡೆ ಕಡೆ ತಿರುಗಿದ್ರೆ ಯಾರೋ ಅತ್ತಿದಾರೆ. ಇದನ್ನೆಲ್ಲಾ ಅವನು ನೋಡೋದು ಹಿಂದಿನ ಬಾಗಿಲ ಹತ್ರ ಗೋಡೆಗೆ ಒರಗಿ ನಿಂತುಕೊಂಡು. ಎಷ್ಟು ಮದುವೆ ನೋಡಿದಾನೋ ಲೆಕ್ಕ ಇಲ್ಲ. ಎಲ್ಲದಕ್ಕೂ ಎಲ್ಲರಿಗಿಂತ ಮೊದಲು ಬರ್ತಾನೆ, ಎಲ್ಲರಿಗಿಂತ ಕೊನೇಗೆ ಹೋಗ್ತಾನೆ. ಊಟ ಆಗೋದು ವ್ಯಾನಿನ ಹಿಂದೆ, ತಟ್ಟೆ ಕೈಲಿ ಹಿಡಿದು.

ಅಂಥವನಿಗೆ ನಾನು ಏನು ಮಾಡಿದೆ ಅನ್ನೋದಕ್ಕೇ ಇಷ್ಟೆಲ್ಲಾ ಪೀಠಿಕೆ.

ನಮ್ಮ ಮೊಮ್ಮಗಳ ಮದುವೆ ಗೊತ್ತಾಯ್ತು. ಅವಳು ಲೈಬ್ರರೀಲಿ ಕೆಲಸ ಮಾಡೋಳು, ಪುಸ್ತಕಕ್ಕೆ ನಂಬರ್ ಹಚ್ಚೀ ಹಚ್ಚೀ ಕಂಡ ಕಂಡಿದ್ದಕ್ಕೆಲ್ಲಾ ನಂಬರ್ ಹಚ್ಚೋ ಚಟ. ಅಡುಗೆಮನೆ ಡಬ್ಬಿಗೂ ನಂಬರಿದೆ ನಮ್ಮನೇಲಿ. ಆ ಒಂದೂವರೆ ತಿಂಗಳು ನಮ್ಮನೆ ಊಟದ ಮೇಜು ಊಟಕ್ಕೆ ಸಿಗಲಿಲ್ಲ. ರಿಬ್ಬನ್ನು, ಕತ್ತರಿ, ಅಂಟು, ಲಕೋಟೆ. ನನ್ನ ಹೆಂಡತಿ ಹೊಸ ಚಪ್ಪಲಿ ಕಚ್ಚಬಾರದು ಅಂತ ತಿಂಗಳ ಮುಂಚೇನೇ ಹಾಕಿಕೊಂಡು ಮನೆಯೊಳಗೆ ಟಪ ಟಪ ಓಡಾಡ್ತಿದ್ದಳು. ಸೌತೆಕಾಯಿ ಹೆಚ್ಚುವಾಗಲೂ ಮದುವೆ ಚಪ್ಪಲಿ. ನನಗೆ ಕೊಟ್ಟಿದ್ದು ರುಚಿ ನೋಡೋ ಕೆಲಸ. ಮೂರು ಅಂಗಡಿಯಿಂದ ಸಿಹಿ ತರಿಸಿ ಯಾವುದು ಚೆನ್ನಾಗಿದೆ ಹೇಳು ಅಂದ್ರು. ನಾನು ತೀರ್ಪು ಕೊಡೋಕೆ ಹನ್ನೊಂದು ದಿನ ತಗೊಂಡೆ. ನ್ಯಾಯ ಅಂದ್ಮೇಲೆ ಅವಸರ ಮಾಡಬಾರದು.

ಒಂದು ಭಾನುವಾರ ಎಲ್ಲರೂ ಸೇರಿ ಕರೆಯೋರ ಪಟ್ಟಿ ಮಾಡೋಕೆ ಕೂತೆವು. ಸಭಾಭವನದ ಮ್ಯಾನೇಜರ್ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದ, ಇನ್ನೂರು ಕುರ್ಚಿಗಷ್ಟೇ ಜಾಗ, ಮೇಲೆ ಒಂದೂ ಇಲ್ಲ. ಬೀಗರಿಗೆ ನೂರು, ನಮಗೆ ನೂರು. ಮೊಮ್ಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿಯೊಬ್ಬರ ಹೆಸರನ್ನೂ ರಟ್ಟಿನ ಚೀಟೀಲಿ ಬರೆದು ಕುರ್ಚಿ ಬೆನ್ನಿಗೆ ಕಟ್ಟಬೇಕು ಅಂದಳು. ಯಾರಿಗೂ ನೂಕುನುಗ್ಗಲು ಬೇಡ, ವಯಸ್ಸಾದವರು ಹುಡುಕಾಡೋದು ಬೇಡ. ಒಳ್ಳೇ ಯೋಚನೆ. ಎಣಿಸಿ ನೋಡಿದ್ರೆ ನಮ್ಮ ಕಡೆ ನೂರಾ ಒಂದು.

"ಅಜ್ಜ, ಒಂದು ಹೆಸರು ಜಾಸ್ತಿ ಆಯ್ತು."

"ಒಬ್ಬರು ತಾನೇ, ಸರಿದು ಕೂರ್ತಾರೆ ಬಿಡು. ನಲವತ್ತು ಸೀಟಿನ ಬಸ್ಸಲ್ಲಿ ನಾನು ತೊಂಬತ್ತು ಜನಾನ ಕರಕೊಂಡು ಹೋದೋನು. ಒಬ್ಬರು ಉಸಿರು ಬಿಟ್ಟ ಮೇಲೇ ಇನ್ನೊಬ್ಬರು ಎಳಕೋಬೇಕು, ಹಾಗಿತ್ತು. ಒಂದು ದಿನ..."

"ಇದು ಬಸ್ಸಲ್ಲ ಅಜ್ಜ, ನನ್ನ ಮದುವೆ."

"ರೀ, ಹಿರಿಯರ ಪಟ್ಟಿ ನಿಮ್ಮದು ತಾನೇ, ನೀವೇ ಯಾರನ್ನಾದ್ರೂ ಇಳಿಸಿ," ಅಂದಳು ನನ್ನ ಹೆಂಡತಿ. "ದಾರಿ ಮಧ್ಯೆ ಜನಾನ ಇಳಿಸೋದು ನಿಮಗೇನು ಹೊಸದಾ?"

ಹೀಗಂದು ಅವಳು ಟಪ ಟಪ ಒಳಗೆ ಹೋದಳು. ಮೊಮ್ಮಗಳಿಗೆ ಫೋನ್ ಬಂತು, ಹೊರಗೆ ಹೋದಳು. ಮೇಜಿನ ಹತ್ರ ನಾನು, ಪೆನ್ಸಿಲ್ಲು, ಪಟ್ಟಿ.

ಕೊನೇಲಿ ಎರಡು ಹೆಸರು ಉಳಿದವು. ಒಂದು ಕುರ್ಚಿಯಪ್ಪನದು. ಇನ್ನೊಂದು ಚೆಕಿಂಗ್ ಸಾಹೇಬರದು. ಈ ಸಾಹೇಬರು ಮೂವತ್ತು ವರ್ಷದ ಹಿಂದೆ ನನ್ನ ಬಸ್ಸು ಹತ್ತಿ, ಟಿಕೆಟ್ಟು ಪರೀಕ್ಷೆ ಮಾಡಿ, ತುಂಬಿದ ಜನದ ಮುಂದೆ, "ಏನ್ರೀ ಕಂಡಕ್ಟರ್, ತಲೆ ಎಣಿಸೋಕೆ ಬರಲ್ವಾ?" ಅಂದಿದ್ರು. ಬಸ್ಸೆಲ್ಲಾ ನಕ್ಕಿತ್ತು. ಆ ನಗು ನನ್ನ ಕಿವೀಲಿ ಇನ್ನೂ ಇತ್ತು. ಇನ್ನೂರು ತಲೆ ಮೊದಲೇ ಎಣಿಸಿ, ಹೆಸರು ಬರೆದು ಕೂರಿಸಿದ್ದನ್ನ ಆ ಮನುಷ್ಯ ಬಂದು ಕಣ್ಣಾರೆ ನೋಡಬೇಕು ಅನ್ನೋ ಆಸೆ. ಎಪ್ಪತ್ತಾರು ವರ್ಷದೋನಿಗೆ ಇರಬಾರದ ಆಸೆ, ಆದ್ರೂ ಇತ್ತು.

ಕುರ್ಚಿಯಪ್ಪ? ಅವನು ಹೇಗೂ ಕುರ್ಚಿ ತಗೊಂಡು ಬಂದೇ ಬರ್ತಾನಲ್ಲ. ಬರೋನನ್ನ ಕರೆಯೋದೇನು?

ಗೀಟು ಎಳೆದೆ. ಪೆನ್ಸಿಲ್ಲು ಸದ್ದು ಕೂಡ ಮಾಡಲಿಲ್ಲ. ಪಟ್ಟಿ ಲೈಬ್ರರಿಗೆ ಹೋಯ್ತು, ಮೊಮ್ಮಗಳ ಜೊತೆ ಕೆಲಸ ಮಾಡೋ ಹುಡುಗಿ ಚೀಟಿ ಎಲ್ಲಾ ಟೈಪ್ ಮಾಡೋಕೆ ತಗೊಂಡಳು. ಕಾರ್ಡುಗಳಿಗೆ ವಿಳಾಸ ಬರೆದು ಕಳಿಸಿದ್ದೂ ಆಯ್ತು. ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ, ಅದು ದೀಪಕ್ಕೆ ಗೊತ್ತಿಲ್ಲದೇ ಆಗೋದು. ನಾನು ಗೊತ್ತಿದ್ದೇ ಬತ್ತಿ ಇಳಿಸಿದೋನು.

ಮೂರು ದಿನ ಬಿಟ್ಟು ಇನ್ನೂರು ಕುರ್ಚಿ ಹೇಳೋಕೆ ಶೆಡ್ಡಿಗೆ ಹೋದೆ. ಅವನು ಸೀಮೆಸುಣ್ಣ ತಗೊಂಡು ಬಾಗಿಲ ಮೇಲೆ 'ನಮ್ಮ ಹುಡುಗಿ – ೨೦೦' ಅಂತ ಬರೆದ. ಬೇರೆ ಗಿರಾಕಿಗಳಿಗೆಲ್ಲಾ ಬರೀ ತಾರೀಕು ಬರೀತಾನೆ.

'ನಮ್ಮ ಹುಡುಗಿ' ಅನ್ನೋದಕ್ಕೆ ಅವನಿಗೆ ಹಕ್ಕಿದೆ. ಅವಳು ನಡೆಯೋಕೆ ಕಲಿತಿದ್ದೇ ಅವನ ಶೆಡ್ಡಲ್ಲಿ. ನಾನು ಚಹಾ ಕುಡೀತಾ ಹರಟೆ ಹೊಡೀತಿದ್ರೆ ಇವನು ಒಂದು ಮಕ್ಕಳ ಕುರ್ಚಿ ಮುಂದೆ ಇಟ್ಟು, ಅವಳು ಅದನ್ನ ನೂಕಿಕೊಂಡು ಹೆಜ್ಜೆ ಹಾಕೋದನ್ನ ಬಕೆಟ್ ಮೇಲೆ ಕೂತು ನೋಡ್ತಿದ್ದ.

"ಬಾ ಇಲ್ಲಿ, ಒಂದು ತೋರಿಸ್ತೀನಿ, ನಗಬೇಡ," ಅಂತ ಒಳಗೆ ಕರೆದ. ಗೋಡೆ ಮೊಳೆಗೆ ಒಂದು ಹೊಸ ಅಂಗಿ. ತಿಳಿನೀಲಿ. ಟೈಲರ್ ಹತ್ರ ಅಳತೆ ಕೊಟ್ಟು ಹೊಲಿಸಿದ್ದು, ಜೇಬಿಲ್ಲದ್ದು.

"ಜೇಬ್ಯಾಕಿಲ್ವೋ?"

"ಜೇಬಿದ್ರೆ ಎಣ್ಣೆ ಡಬ್ಬಿ ಹಾಕಿಕೊಳ್ತೀನಿ. ಅವತ್ತು ಹಾಕಿಕೊಳ್ಳಬಾರದು ಅಂತ."

ನಾನು ಚಹಾ ಲೋಟ ಕೆಳಗಿಟ್ಟೆ. ಅವನು ಪಕ್ಕದಲ್ಲಿ ಇನ್ನೊಂದು ಮೊಳೆ ತೋರಿಸಿದ, ಖಾಲಿ.

"ಇದು ಕಾರ್ಡಿಗೆ. ಇಷ್ಟು ಮದುವೆ ಮಾಡಿಸಿದೀನಲ್ಲ ಕಂಡಕ್ಟ್ರೇ, ಒಂದಕ್ಕಾದ್ರೂ ನನ್ನ ಹೆಸರಿಗೆ ಅಂತ ಕಾರ್ಡು ಬಂದಿಲ್ಲ ನೋಡು. ಬಾಯಲ್ಲೇ ಹೇಳ್ತಾರೆ, ಇಷ್ಟು ಕುರ್ಚಿ, ಇಷ್ಟು ಗಂಟೆಗೆ ಅಂತ. ನನಗೇನು ಬೇಜಾರಿಲ್ಲ. ಆದ್ರೆ ಇದು ನಮ್ಮ ಹುಡುಗೀದು. ನಿನ್ನ ಕಾರ್ಡು ಬಂದಿಲ್ವಲ್ಲ ಅಂತ ಸುಮ್ನೆ ಕೇಳ್ದೆ."

ಆಗಲೇ ಬಾಯಿ ಬಿಡಬೇಕಿತ್ತು. ತಪ್ಪಾಯ್ತು ಮಾರಾಯ ಅಂದಿದ್ರೆ ಒಂದು ಬೈಗುಳದಲ್ಲಿ ಮುಗೀತಿತ್ತು. ಆದ್ರೆ ನನ್ನ ನಾಲಿಗೆ ನಿಮಗೆ ಗೊತ್ತಲ್ಲ, ಬ್ರೇಕಿಲ್ಲದ ಗಾಡಿ.

"ಬಂದಿಲ್ವಾ? ಎಲ್ಲರಿಗಿಂತ ಮೊದಲು ಹಾಕಿದ್ದೇ ನಿನ್ನದು ಕಣೋ. ಕೈಲಿ ಕೊಟ್ರೆ ಏನು ಮರ್ಯಾದೆ, ಅಂಚೇಲೇ ಬರಲಿ ಅಂತ ನಾನೇ ಡಬ್ಬಿಗೆ ಹಾಕಿ ಬಂದೆ." ಅಲ್ಲಿಗಾದ್ರೂ ನಿಲ್ಲಿಸಬೇಕಲ್ಲ. "ಸ್ಟಾಂಪು ಆರಿಸೋಕೇ ಅರ್ಧ ಗಂಟೆ ಆಯ್ತು. ಹಕ್ಕಿ ಚಿತ್ರದ್ದು ಹಾಕಿದೀನಿ, ನಿನಗಿಷ್ಟ ಅಂತ. ನೀಲಿ ರೆಕ್ಕೆ, ಕೊಕ್ಕು ಕೆಂಪು."

"ನೀಲಿ ರೆಕ್ಕೇನಾ?" ಅಂದ. ಹೊಸ ಅಂಗಿ ಕಡೆ ನೋಡಿದ. "ಹಾಗಾದ್ರೆ ಒಂದೆರಡು ದಿನದಲ್ಲಿ ಬರುತ್ತೆ ಬಿಡು."

ಮನೆಗೆ ಬಂದು ಕಾರ್ಡು ಉಳಿದಿದೆಯಾ ಅಂತ ಕಪಾಟೆಲ್ಲಾ ಜಾಲಾಡಿದೆ. ನಮ್ಮ ಲೈಬ್ರರಿಯವಳು ಎಣಿಸಿ ಅಚ್ಚು ಹಾಕಿಸಿದ್ದಳು, ಒಂದೂ ಇಲ್ಲ. ಕೇಳೋಣ ಅಂದ್ರೆ ಯಾರಿಗೆ, ಯಾಕೆ ಅಂತ ಹೇಳಬೇಕು. ಹೇಳಿದ್ರೆ ಪೆನ್ಸಿಲ್ ಗೀಟಿನ ವಿಷಯಾನೂ ಹೊರಬೀಳುತ್ತೆ. ಹೆಂಡತಿ ಒಂದು ಸಿಹಿ ತಂದು, "ಇದು ಆಚೆ ಅಂಗಡೀದು, ರುಚಿ ನೋಡಿ" ಅಂದಳು. ನೋಡಿದೆ. ಸೀಮೆಸುಣ್ಣ ಅಗಿದ ಹಾಗಾಯ್ತು. "ಹುಷಾರಿಲ್ವಾ?" ಅಂತ ಹಣೆ ಮುಟ್ಟಿ ನೋಡಿದಳು. ಸಿಹಿ ಬೇಡ ಅಂದಿದ್ದು ಐವತ್ತು ವರ್ಷದಲ್ಲಿ ಅದೇ ಮೊದಲಂತೆ.

ಆಮೇಲೆ ನಾನು ನಾಲ್ಕು ಗಂಟೆಗೆ ಶೆಡ್ಡಿನ ಕಡೆ ಹೋಗೋದು ಬಿಟ್ಟೆ. ಮೊದಲ ದಿನ ಕಾಲು ನೋವು ಅಂದೆ. ಎರಡನೇ ದಿನ ಕೈ ನೋವು. ಮೂರನೇ ದಿನ ಹೆಂಡತಿ, "ನಾಳೆಗೆ ಯಾವುದು ಉಳಿದಿದೆ?" ಅಂದಳು. ಬೀದೀಲಿ ಯಾರಾದ್ರೂ ಕುರ್ಚಿ ಅಂದ್ರೆ ಸಾಕು, ತಿರುಗಿ ನೋಡ್ತಿದ್ದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಹೆಗಲು ಸವೆದೇ ಹೋಯ್ತು.

ಅಷ್ಟರಲ್ಲಿ ಸುಳ್ಳು ತನ್ನ ಪಾಡಿಗೆ ತಾನು ಮನೆ ಮನೆ ತಿರುಗೋಕೆ ಶುರು ಮಾಡಿತ್ತು. ನಮ್ಮ ಅಂಚೆಯವನು ಅಪರೂಪದ ಮನುಷ್ಯ. ಇಪ್ಪತ್ತಾರು ವರ್ಷದಲ್ಲಿ ಒಂದು ಕಾಗದ ಕಳೆದಿಲ್ಲ ಅನ್ನೋದೇ ಅವನ ಆಸ್ತಿ. ಒಂದು ಸಲ ಯಾರೋ ಲಕೋಟೆ ಮೇಲೆ 'ಸಿಡುಕು ಮೂತಿಯ ದೊಡ್ಡಪ್ಪನಿಗೆ' ಅಂತಷ್ಟೇ ಬರೆದಿದ್ರಂತೆ. ಇವನು ಮೂರು ಬೀದಿ ಬಾಗಿಲು ತಟ್ಟಿ, ಹೆಚ್ಚು ಬೈದವರಿಗೆ ಕೊಟ್ಟು ಬಂದ. ಅದು ಅವರದೇ ಆಗಿತ್ತು.

ಆ ಅಂಚೆಯವನು ಮದುವೆಗೆ ನಾಲ್ಕು ದಿನ ಇರುವಾಗ ನಮ್ಮ ಬಾಗಿಲಿಗೆ ಬಂದ. ಚೀಲ ಕೆಳಗಿಳಿಸಿದ. ಮುಖ ಬಾಡಿತ್ತು.

"ಯಜಮಾನ್ರೇ, ಕುರ್ಚಿಯಪ್ಪನ ಕಾರ್ಡು ನೀವು ಹಾಕಿದ್ದು ಯಾವತ್ತು?"

"ಯಾಕಪ್ಪಾ?"

"ದಿನಾ ಬಾಗಿಲಲ್ಲಿ ನಿಂತಿರ್ತಾನೆ. ಮೊದಮೊದಲು ನಗ್ತಾ ಕೇಳ್ತಿದ್ದ. ನಿನ್ನೆ ಬೀದೀಲೇ ಜೋರು ಮಾಡಿದ. ಹಕ್ಕಿ ಸ್ಟಾಂಪು ಚೆನ್ನಾಗಿತ್ತು ಅಂತ ನೀನೇ ಇಟ್ಟುಕೊಂಡಿರಬೇಕು, ನಿನ್ನ ಮಕ್ಕಳು ಸ್ಟಾಂಪು ಸೇರಿಸ್ತಾರಲ್ಲ ಅಂದ. ಆಫೀಸಿಗೂ ಹೋಗಿ ಹೇಳಿದಾನೆ. ನಮ್ಮ ಸಾಹೇಬ್ರು ಕರೆದು ವಿಚಾರಿಸಿದ್ರು. ಚೀಲ ಬಗ್ಗಿಸಿ ತೋರಿಸಿದೆ. ಮೇಜಿನ ಸಂದೀಲಿ, ಬೀರು ಹಿಂದೆ, ಟಾರ್ಚು ಹಾಕಿ ಹುಡುಕಿದೀನಿ."

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಇಲ್ಲಿ ಎತ್ತಿಗೆ ಜ್ವರಾನೂ ಇರಲಿಲ್ಲ, ಬರೀ ಸುಳ್ಳು ಹೇಳಿತ್ತು.

"ಯಾವ ಡಬ್ಬಿಗೆ ಹಾಕಿದ್ರಿ?" ಅಂತ ಕೇಳಿದ.

ನಾನು, ನನ್ನ ಬುದ್ಧಿಗೆ ಬೆಂಕಿ ಬೀಳ, "ಬೇಕರಿ ಪಕ್ಕದ ಡಬ್ಬಿಗೆ" ಅಂದೆ.

ಅವನು ಬಗ್ಗಿ ಚೀಲದ ಬಾಯಿ ಕಟ್ಟಿದ. ಆಮೇಲೆ ನಿಧಾನಕ್ಕೆ ಹೇಳಿದ. "ಆ ಡಬ್ಬಿ ತುಕ್ಕು ಹಿಡಿದು, ಬಾಯಿಗೆ ತಗಡು ಬಡಿದು ಆರು ತಿಂಗಳಾಯ್ತು ಯಜಮಾನ್ರೇ."

ಒಳಗೆ ಚಪ್ಪಲಿ ಟಪ ಟಪ ನಿಂತುಹೋಯ್ತು. ಹೆಂಡತಿ ಕೇಳಿಸಿಕೊಳ್ತಿದ್ದಾಳೆ ಅಂತ ಗೊತ್ತಾಯ್ತು.

ಅಂಚೆಯವನು ಚೀಲ ಹೆಗಲಿಗೇರಿಸಿದ. "ನನ್ನ ಮೇಲೆ ಹಾಕಿದ್ರಿ, ಇರಲಿ. ಆದ್ರೆ ಆ ಬೀದಿಗೆ ಹೋಗೋಕೆ ನನಗೆ ಕಾಲು ಬರ್ತಿಲ್ಲ. ನೀವೇ ಏನಾದ್ರೂ ಮಾಡಿ." ಅಷ್ಟೇ ಅಂದು ಹೊರಟ. ಬೈದಿದ್ರೆ ಚೆನ್ನಾಗಿತ್ತು.

ಹಾಗಾದ ಮೇಲಾದ್ರೂ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಮದುವೆ ಮನೆ, ಕೆಲಸ ಅಂತ ಇನ್ನೂ ಮೂರು ದಿನ ತಳ್ಳಿದೆ. ಎಲ್ಲಾ ಕೆಲಸಾನೂ ಬೇರೆಯವರು ಮಾಡ್ತಿದ್ರು, ನಾನು ಅವರಿಗೆ ಅಡ್ಡ ನಿಲ್ಲೋ ಕೆಲಸ ಮಾಡ್ತಿದ್ದೆ. ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಮದುವೆ ಹಿಂದಿನ ದಿನ ಮಧ್ಯಾಹ್ನ ಊಟ ಬಡಿಸ್ತಾ ಬಾಯಿ ಬಿಟ್ಟಳು. "ಏನೇ, ಚೀಟಿ ಎಲ್ಲಾ ಕಟ್ಟಿಸಿ ಆಯ್ತಾ?" ಅಂತ. ನನ್ನನ್ನಲ್ಲ, ಮೊಮ್ಮಗಳನ್ನ.

"ಬೆಳಿಗ್ಗೇನೇ ಕುರ್ಚಿ ಅಜ್ಜನ ಶೆಡ್ಡಿಗೆ ಕಳಿಸಿದೀನಿ ಅಜ್ಜಿ. ಅವರೇ ಕೂತು ಕಟ್ತಾರೆ, ನಂಬರು ಪ್ರಕಾರ."

ಆಹಾ. ಇನ್ನೂರು ಚೀಟಿ, ಒಂದೊಂದೂ ಓದಿ, ಒಂದೊಂದೂ ಅವನೇ ಕೈಯಾರೆ ಕಟ್ಟಬೇಕು. ಅನ್ನದ ಮೇಲೆ ನನ್ನ ಕೈ ನಿಂತಿತು.

"ಅವನ ಚೀಟಿ ಅದರಲ್ಲಿಲ್ಲ," ಅಂದೆ.

"ಯಾರದು?"

"ಕುರ್ಚಿಯಪ್ಪಂದು. ಒಂದು ಹೆಸರು ಜಾಸ್ತಿ ಆಗಿತ್ತಲ್ಲ, ನಾನು ಹೊಡೆದಿದ್ದು ಅದನ್ನೇ."

ಮೊಮ್ಮಗಳು ನನ್ನನ್ನೇ ನೋಡಿದಳು. ಚಿಕ್ಕವಳಿದ್ದಾಗ ಬಿದ್ದು, ಅಳಬೇಕೋ ಬೇಡವೋ ಅಂತ ನನ್ನ ಮುಖ ನೋಡ್ತಿದ್ದಳಲ್ಲ, ಹಾಗೆ. "ಅವರ ಹೆಸರು ನಾನೇ ಬರೆದಿದ್ದೆ ಅಜ್ಜ, ಎಲ್ಲರಿಗಿಂತ ಮೇಲೆ. ಕಾರ್ಡು ನೀನೇ ಕೈಲಿ ಕೊಟ್ಟಿರ್ತೀಯ ಅಂದ್ಕೊಂಡಿದ್ದೆ. ಯಾರನ್ನ ಉಳಿಸಿಕೊಂಡೆ?"

"ಚೆಕಿಂಗ್ ಸಾಹೇಬರನ್ನ."

ಹೆಂಡತಿ ಸೌಟು ಕೆಳಗಿಟ್ಟಳು. "ಏಳಿ. ಊಟ ಆಮೇಲೆ."

ಕೈ ತೊಳೆದು ಹೋದೆ. ಎರಡು ನಿಮಿಷದ ದಾರಿ, ಅವತ್ತು ಮುಗೀಲೇ ಇಲ್ಲ. ಶೆಡ್ಡಿನ ಮುಂದೆ ಇನ್ನೂರೂ ಕುರ್ಚಿ ಬಿಚ್ಚಿ ಸಾಲಾಗಿ ಇಟ್ಟಿದ್ದ. ಎಲ್ಲದರ ಬೆನ್ನಲ್ಲೂ ಬಿಳಿ ಚೀಟಿ, ಗಾಳಿಗೆ ಅಲ್ಲಾಡ್ತಾ. ಅವನು ಕೊನೇ ಸಾಲಲ್ಲಿ ಬಗ್ಗಿ ಯಾವುದಕ್ಕೋ ಎಣ್ಣೆ ಬಿಡ್ತಿದ್ದ. ನನ್ನ ಕಡೆ ತಿರುಗಲಿಲ್ಲ.

"ಎರಡು ಸಲ ಓದಿದೆ," ಅಂದ. "ಮೊದಲನೇ ಸಲ ನನ್ನ ಕಣ್ಣೇ ಸರಿ ಇಲ್ವೇನೋ ಅಂದ್ಕೊಂಡೆ."

"ಕುರ್ಚಿ, ನಾನು ಕಾರ್ಡು ಹಾಕಿರಲಿಲ್ಲ ಕಣೋ. ಬರೆದೂ ಇರಲಿಲ್ಲ. ಪಟ್ಟೀಲಿ ನಿನ್ನ ಹೆಸರಿತ್ತು, ಒಂದು ಜಾಸ್ತಿ ಅಂತ ನಾನೇ ಗೀಟು ಎಳೆದೆ."

"ನನ್ನದೇ ಯಾಕೆ?"

"ನೀನು ಹೇಗೂ ಬರ್ತೀಯ ಅಂತ."

"ಬರ್ತೀನಲ್ಲ," ಅಂದ. "ಯಾವತ್ತು ತಪ್ಪಿಸಿದೀನಿ?"

ಇನ್ನೊಂದು ಕುರ್ಚಿಗೆ ಹೋದ. ಮಡಚಿದ, ಬಿಚ್ಚಿದ, ಸದ್ದು ಕೇಳಿದ.

"ಇದು ನಿಮ್ಮ ಚೆಕಿಂಗ್ ಸಾಹೇಬರದು. ಸ್ವಲ್ಪ ಸಡಿಲ ಇತ್ತು, ಬಿಗಿ ಮಾಡಿದೀನಿ. ಬಿದ್ದುಗಿದ್ದಾರು." ಅದನ್ನ ಕುಹಕಕ್ಕೆ ಹೇಳಿದ್ದಲ್ಲ. ಅದೇ ನನಗೆ ಹೆಚ್ಚು ಚುಚ್ಚಿದ್ದು. ಆಮೇಲೆ ಕೇಳಿದ. "ಆ ಹಕ್ಕಿ ಸ್ಟಾಂಪು?"

"ಅದೂ ಸುಳ್ಳು."

"ಅದು ಚೆನ್ನಾಗಿತ್ತು," ಅಂದ.

ನಾನು ಬಕೆಟ್ ಮೇಲೆ ಕೂತುಬಿಟ್ಟೆ. ನನ್ನ ಕುರ್ಚೀನೇ ತಗೋ, ಎರಡನೇ ಸಾಲು, ನನಗೆ ನಿಂತು ಅಭ್ಯಾಸ ಇದೆ, ಬಸ್ಸಲ್ಲಿ ಆಯುಷ್ಯವೆಲ್ಲಾ ನಿಂತಿದೀನಿ ಅಂತ ಏನೇನೋ ಹೇಳಿದೆ. ಅವನು ಕೇಳಿಸಿಕೊಂಡನೋ ಇಲ್ವೋ. ಎಣ್ಣೆ ಡಬ್ಬಿ ಮುಚ್ಚಳ ಹಾಕ್ತಾ ನಿಂತಿದ್ದ.

"ಅದಿರಲಿ. ಅಂಚೆಯವನನ್ನ ನಾನು ಕಳ್ಳ ಅಂದೆ," ಅಂದ. "ನಾಲ್ಕು ಜನರ ಮುಂದೆ ಅಂದೆ. ನಡಿ ಮೊದಲು."

ಇಬ್ಬರೂ ಹೋದೆವು. ಅಂಚೆಯವನು ಕೆಲಸ ಮುಗಿಸಿ ಮನೇಲಿ ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂತಿದ್ದ. ಕುರ್ಚಿಯಪ್ಪನೇ ಮೊದಲು ಕೈ ಮುಗಿದ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಒಂದು ಪದ ಜಾಸ್ತಿ ಸೇರಿಸಲಿಲ್ಲ, ನನ್ನ ಜನ್ಮದಲ್ಲಿ ಅಷ್ಟು ಚಿಕ್ಕ ಕಥೆ ಹೇಳಿದ್ದಿಲ್ಲ. ಅಂಚೆಯವನು ಕಾಲು ಒರೆಸಿಕೊಂಡು ಎದ್ದ. "ಒಳಗೆ ಬನ್ನಿ. ನನ್ನ ಹೆಂಡತಿ ಮುಂದೆ ಇನ್ನ್ಯಾರೂ ಅಲ್ಲ, ನೀವೇ ಇನ್ನೊಂದು ಸಲ ಹೇಳಬೇಕು. ಅವಳೂ ಮಕ್ಕಳ ಸ್ಟಾಂಪು ಪುಸ್ತಕ ತೆಗೆದು ನೋಡಿದಾಳೆ." ಹೇಳಿದೆ. ಆಯಮ್ಮ ಕೇಳಿ, "ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ ನಿಮಗೆ" ಅಂದು ಮೂರೂ ಜನಕ್ಕೆ ಚಹಾ ಕೊಟ್ಟಳು. ಅಲ್ಲೇ ಕೂತು ಅವನ ಆಫೀಸಿಗೂ ಒಂದು ಕಾಗದ ಬರೆದುಕೊಟ್ಟೆ.

ಕುರ್ಚಿಗಳನ್ನ ಕುರ್ಚಿಯಪ್ಪ ಹಿಂದಿನ ರಾತ್ರೀನೇ ಸಭಾಭವನದಲ್ಲಿ ಸಾಲಾಗಿ ಹಾಕಿ ಹೋಗಿದ್ದ. ಮದುವೆ ದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ನಾನು ಅಲ್ಲಿಗೆ ಹೋಗಿ, ಎರಡನೇ ಸಾಲಲ್ಲಿ ನನ್ನ ಚೀಟಿ ಬಿಚ್ಚಿ, ಇನ್ನೊಂದು ರಟ್ಟಿನಲ್ಲಿ 'ಕುರ್ಚಿಯಪ್ಪ' ಅಂತ ದಪ್ಪಕ್ಕೆ ಬರೆದು ಕಟ್ಟಿದೆ. ದಾರ ಬಿಚ್ಚಿಹೋಗಬಾರದು ಅಂತ ನಾಲ್ಕು ಗಂಟು ಹಾಕಿದೆ. ಅವನು ಬಂದ. ಹಳೇ ಅಂಗಿ, ಜೇಬಲ್ಲಿ ಎಣ್ಣೆ ಡಬ್ಬಿ.

"ಹೊಸ ಅಂಗಿ ಎಲ್ಲೋ?"

"ಕೆಲಸದ ದಿನ ಅದನ್ನ ಯಾರು ಹಾಕ್ತಾರೆ."

ಚೀಟಿ ತೋರಿಸಿದೆ. ಓದಿದ. ಕುರ್ಚಿ ಕಾಲು ಒಂದು ಸ್ವಲ್ಪ ಸೊಟ್ಟ ಇತ್ತು, ನೆಟ್ಟಗೆ ಮಾಡಿದ. "ಇದು ನಿನ್ನದು. ನಿನ್ನ ಕುರ್ಚೀಲಿ ಕೂತ್ರೆ ನಾನು ನೀನಾಗ್ತೀನೇ ಹೊರತು ಕರೆಸಿಕೊಂಡವನು ಆಗಲ್ಲ," ಅಂದು ಹಿಂದಿನ ಬಾಗಿಲ ಹತ್ರ ಹೋಗಿ ಗೋಡೆಗೆ ಒರಗಿದ.

ನಾನೂ ಹೋಗಿ ಪಕ್ಕದಲ್ಲಿ ಒರಗಿದೆ. ಇನ್ನೇನು ಮಾಡಲಿ?

ಜನ ಬಂದರು. ತುಂಬಿದ ಸಭೇಲಿ ಎರಡನೇ ಸಾಲಲ್ಲಿ ಒಂದೇ ಒಂದು ಕುರ್ಚಿ ಖಾಲಿ, ಬಾಯಲ್ಲಿ ಮುಂದಿನ ಹಲ್ಲು ಬಿದ್ದ ಹಾಗೆ. ಎಲ್ಲರ ಕಣ್ಣೂ ಅಲ್ಲೇ. ಚೆಕಿಂಗ್ ಸಾಹೇಬರು ಕೋಲು ಊರಿಕೊಂಡು ಬಂದವರು ಅದನ್ನ ಬಗ್ಗಿ ಓದಿ, ಸೀದಾ ನನ್ನ ಹತ್ರ ಬಂದರು. "ಏನ್ರೀ ಕಂಡಕ್ಟರ್, ಕುರ್ಚಿಗೆ ಕುರ್ಚಿಯಪ್ಪ ಅಂತ ಹೆಸರಿಟ್ಟಿದೀರಲ್ಲ, ಮೇಜಿಗೆ ಮೇಜಪ್ಪ ಅಂತ ಹಚ್ಚಿಲ್ವಾ? ಒಂದು ತಲೆ ಕಮ್ಮಿ ಇದೆ ನೋಡಿ."

ಬೇರೆ ದಿನ ಆಗಿದ್ರೆ ನಾನು ಏನಾದ್ರೂ ಹೊಸೆದು ಹೇಳ್ತಿದ್ದೆ. ಯಾರೋ ದೊಡ್ಡ ಮನುಷ್ಯರು ವಿಮಾನದಲ್ಲಿ ಬರ್ತಿದಾರೆ ಅಂತಲೋ ಏನೋ. "ಅದು ಇವನದು ಸಾಹೇಬ್ರೇ," ಅಂದೆ. "ನಾನು ಕರೆಯೋಕೆ ತಪ್ಪಿದೆ. ಎಣಿಸೋಕೆ ಬರಲ್ಲ ಅಂತ ನೀವು ಅವತ್ತು ಹೇಳಿದ್ದು ಸರಿ ಇತ್ತು." ಅವರಿಗೆ ಯಾವತ್ತು ಏನು ಹೇಳಿದ್ದು ಅಂತ ನೆನಪೇ ಇರಲಿಲ್ಲ. ಹೋಗಿ ಕೂತು ಹತ್ತು ನಿಮಿಷದಲ್ಲಿ ಗೊರಕೆ. ಬಿಗಿ ಮಾಡಿದ ಕುರ್ಚಿ, ಅಲುಗಲಿಲ್ಲ.

ಮೊಮ್ಮಗಳು ಒಳಗೆ ಬರುವಾಗ ನಾವು ನಿಂತಿದ್ದ ಹಿಂದಿನ ಬಾಗಿಲಿಂದಲೇ ಬಂದಳು. ಕುರ್ಚಿಯಪ್ಪನ ಮುಂದೆ ನಿಂತಳು. "ಕುರ್ಚಿ ಅಜ್ಜ, ಕೂತ್ಕೋ ಬಾ."

"ನಿಂತ್ರೇನೇ ನೀನು ಚೆನ್ನಾಗಿ ಕಾಣ್ತೀಯ ಮಗಳೇ. ನಡಿ, ಮೆಲ್ಲಗೆ. ನೆಲ ಜಾರುತ್ತೆ."

ಅವಳು ನಡೆದು ಹೋದಳು. ಅವನ ಎರಡೂ ಕೈ ತಾನಾಗೇ ಸ್ವಲ್ಪ ಮುಂದೆ ಬಂದಿದ್ದವು, ಬಿದ್ರೆ ಹಿಡಿಯೋ ಹಾಗೆ. ಆಮೇಲೆ ಊಟಕ್ಕೆ ಇಬ್ಬರೂ ವ್ಯಾನಿನ ಹಿಂದೆ, ತಟ್ಟೆ ಕೈಲಿ ಹಿಡಿದು. ಅಡುಗೆ ಚೆನ್ನಾಗಿತ್ತು ಅಂದರು ಎಲ್ಲರೂ. ಹನ್ನೊಂದು ದಿನ ನಾನು ತೀರ್ಪು ಕೊಟ್ಟು ಆರಿಸಿದ ಸಿಹಿ ನನಗೆ ಇಳಿಯಲಿಲ್ಲ, ಅವನ ತಟ್ಟೆಗೆ ಹಾಕಿದೆ. ತಿಂದ.

ಎಲ್ಲರೂ ಹೋದ ಮೇಲೆ ಕೇಳಿದೆ. "ಏನು ಹೇಳ್ತಿವೆ ಕುರ್ಚಿಗಳು?"

ಅವನು ಕಣ್ಣು ಸಣ್ಣ ಮಾಡಿ ನೋಡಿದ. ಸಾಲು ಒಂದೂ ಉಳಿದಿರಲಿಲ್ಲ, ಎಲ್ಲಾ ಗುಂಪುಗುಂಪು. "ಒಳ್ಳೇ ಮದುವೆ," ಅಂದ. "ಬೀಗರು ಚೆನ್ನಾಗಿ ಬೆರೆತಿದಾರೆ. ಒಂದೇ ಒಂದು ಇಟ್ಟಲ್ಲೇ ಇದೆ." ಇಬ್ಬರೂ ಸೇರಿ ಮಿಕ್ಕ ಕುರ್ಚಿಗಳನ್ನ ಮಡಚೋಕೆ ಶುರು ಮಾಡಿದೆವು.

ಈಗ ಮತ್ತೆ ನಾಲ್ಕು ಗಂಟೆಗೆ ಶೆಡ್ಡಿಗೆ ಹೋಗ್ತೀನಿ. ಮುಂಚಿನ ಹಾಗೇ ಬೈತಾನೆ, ನಗ್ತಾನೆ, ಚಹಾ ಕೊಡ್ತಾನೆ. ನೀಲಿ ಅಂಗಿ ಮೊಳೇಲಿ ಈಗಿಲ್ಲ, ಪೆಟ್ಟಿಗೆ ಸೇರಿದೆಯಂತೆ. ಪಕ್ಕದ ಮೊಳೆಗೆ ಎಣ್ಣೆ ಡಬ್ಬಿ ನೇತುಹಾಕಿದಾನೆ. ಇನ್ನೂರರಲ್ಲಿ ನೂರಾ ತೊಂಬತ್ತೊಂಬತ್ತರ ಚೀಟಿ ಬಿಚ್ಚಿ ಒಲೆಗೆ ಹಾಕಿದ. ಒಂದನ್ನ ಮಾತ್ರ ಬಿಚ್ಚಲಿಲ್ಲ, ಆ ಕುರ್ಚೀನ ಬಾಡಿಗೆಗೂ ಕಳಿಸಲ್ಲ. ನಾನು ಹೋದ ಕೂಡಲೇ ಅದನ್ನೇ ತಂದು ಬಿಚ್ಚಿ, ಧೂಳು ಒರೆಸಿ, "ಕೂತ್ಕೋ ಕಂಡಕ್ಟ್ರೇ" ಅಂತಾನೆ. ತಾನು ಬಕೆಟ್ ಮೇಲೆ.

ಒಂದು ದಿನ ಕೇಳಿದೆ, ಅಷ್ಟೊಂದು ಕುರ್ಚಿ ಇದೆಯಲ್ಲೋ, ಬೇರೆ ಯಾವುದಾದ್ರೂ ಕೊಡಬಾರದಾ ಅಂತ.

"ಅವೆಲ್ಲಾ ಬಾಡಿಗೇವು," ಅಂದ.

ಒರಗಿದ್ರೆ ಆ ದಾರದ ಗಂಟು ಎಡಗಡೆ ಹೆಗಲ ಮೂಳೆ ಕೆಳಗೆ ಒತ್ತುತ್ತೆ. ನಾನೇ ಹಾಕಿದ ಗಂಟು, ನಾಲ್ಕು. ಮುಂದೆ ಬಾಗಿ ಕೂತ್ರೆ ಒತ್ತಲ್ಲ, ಆದ್ರೆ ಈ ವಯಸ್ಸಲ್ಲಿ ಎಷ್ಟು ಹೊತ್ತು ಬಾಗಿರೋಕಾಗುತ್ತೆ? ಆ ಪೊಲೀಸ್ ಠಾಣೆ ಕುರ್ಚಿ ಕಥೆ ನಾನು ಹೇಳೋದು ಕಮ್ಮಿ ಮಾಡಿದೀನಿ. ಮೂರೂವರೆ ಆಯ್ತು. ಅವನು ಈಗ ಚಹಾಕ್ಕೆ ನೀರಿಟ್ಟಿರ್ತಾನೆ.